ಯಾವ ಹೊಳೆಯ ಮಗಳು

ಕಾಗೆ ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಆ ಕೊಲ್ಲಿಗೆ ಇಬ್ಬರು ಹೆಣ್ಣುಮಕ್ಕಳಿದ್ದರಂತೆ, ಇಬ್ಬರೂ ಹೊಳೆಗಳೇ. ದೊಡ್ಡವಳು ಬಂಡೆಯ ಮೇಲಿಂದ ಧುಮುಕುವವಳು, ಚಿಕ್ಕವಳು ಜೊಂಡಿನ ನಡುವೆ ತೂಕಡಿಸುತ್ತ ಹರಿಯುವವಳು. ಸಾಲ್ಮನ್ ಮೀನುಗಳು ಸಮುದ್ರದಿಂದ ಬಂದು ಮೊಟ್ಟೆಯಿಡಲು ಜಾಗ ಕೇಳಿದಾಗ ದೊಡ್ಡವಳು, "ನನ್ನ ಮನೆಗೆ ಬರುವವರು ಹಿಮ ಕರಗಿ ನೀರು ತುಂಬಿದಾಗಲೇ ಬರಬೇಕು. ಬಾಲ ಗಟ್ಟಿಯಿರಬೇಕು, ದಾರಿಯ ಬುತ್ತಿಯನ್ನು ಕೊಬ್ಬಾಗಿ ಮೈಯಲ್ಲೇ ಕಟ್ಟಿಕೊಂಡಿರಬೇಕು" ಎಂದಳು. ಚಿಕ್ಕವಳು, "ನಮ್ಮಲ್ಲಿ ಅಂಥದ್ದೇನಿಲ್ಲ, ನಿಧಾನವಾಗಿ ಬನ್ನಿ" ಎಂದಳು. ಮೀನುಗಳು ತಲೆತಲಾಂತರದಲ್ಲಿ ಹಾಗೆಹಾಗೇ ಆದವು. ಇವಳ ಮಕ್ಕಳಿಗೆ ಇವಳದೇ ಮೈಕಟ್ಟು, ಅವಳ ಮಕ್ಕಳಿಗೆ ಅವಳದು. ಮನುಷ್ಯರು ಕೊಟ್ಟ ಮಾತು ಒಂದೇ. ವರ್ಷದ ಮೊದಲ ಮೀನನ್ನು ಊರೆಲ್ಲ ಹಂಚಿ ತಿಂದು, ಅದರ ಮುಳ್ಳುಗಳನ್ನು ಒಂದನ್ನೂ ಬಿಡದೆ ತವರಿನ ನೀರಿಗೇ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಆ ಮೀನು ಮತ್ತೆ ಹುಟ್ಟುವಾಗ ಊನವಾಗಿ ಹುಟ್ಟುತ್ತದೆ.

ಈ ಕಥೆ ಹೇಳುತ್ತಿದ್ದ ಅಜ್ಜಿ ಸಾಯುವ ಮುಂಚೆ ಮೊಮ್ಮಗಳು ವರ್ನಾಳ ಕೈಯನ್ನು ಎದೆಗೊತ್ತಿಕೊಂಡು, "ಇನ್ನು ಮುಳ್ಳು ಒಪ್ಪಿಸೋಳು ನೀನು" ಎಂದು ಮಾತು ತೆಗೆದುಕೊಂಡಿದ್ದಳು. ಆ ಚಳಿಗಾಲದಲ್ಲೇ ಗುಡ್ಡ ಕುಸಿದು, ಊರಿನ ಹೊಳೆಯಾದ ದೊಡ್ಡವಳ ಜಲಪಾತದ ದಾರಿ ಮುಚ್ಚಿತು. ಬಂಡೆ ಸರಿಸಿದ ಮೇಲೂ ಮೀನು ಕಾಣಲಿಲ್ಲ. ಮೊದಲ ಮೀನಿನ ಮುಳ್ಳು ಒಪ್ಪಿಸದೆ ಬಲೆ ಬಿಡುವಂತಿಲ್ಲ. ಊರಿನ ಬಲೆಗಳೆಲ್ಲ ಸೂರಿನಡಿ ತೂಗಿಕೊಂಡೇ ಇದ್ದವು.

ಈಗ ಬೇಸಿಗೆ ಮುಗಿಯುತ್ತ ಬಂದಾಗ ಆ ಮೊದಲ ಮೀನು ಅವಳ ಮುಂದೆ ಸೀಡರ್ ಮರದ ಹಲಗೆಯ ಮೇಲೆ ಮಲಗಿತ್ತು. ತಂದವನು ಅವಳ ಸೋದರಮಾವ ಸಿರಿಲ್. ಅಜ್ಜಿ ಕಲಿಸಿದ ಹಾಗೆ ವರ್ನಾ ಬಾಲದ ಬುಡವನ್ನು ಹಿಡಿದಳು. ಹೆಬ್ಬೆರಳು ಹೋಗಿ ನಡುಬೆರಳನ್ನು ಮುಟ್ಟಿತು. ದೊಡ್ಡವಳ ಮೀನಿನ ಗಟ್ಟಿ ಬಾಲವಾಗಿದ್ದರೆ ಮುಟ್ಟಬಾರದಿತ್ತು. ಹೊಟ್ಟೆ ಸೀಳಿದರೆ ಮೊಟ್ಟೆಗಳು ದಾರ ಕಿತ್ತ ಮಣಿಗಳಂತೆ ಉರುಳಿದವು. ಜಲಪಾತದ ಮೀನು ಹೊಳೆಗೆ ಬಂದಾಗ ಅದರ ಮೊಟ್ಟೆ ಇನ್ನೂ ಎಳೆಯದಾಗಿ, ಮುಷ್ಟಿ ಬಿಗಿದಂತಿರುತ್ತದೆ.

"ಮಾವ, ಇದನ್ನ ಎಲ್ಲಿ ಹಿಡಿದೆ?"

"ಜಲಪಾತದ ಬುಡದಲ್ಲಿ ಅಂತ ಹೇಳಿದ್ನಲ್ಲ."

"ನಿನ್ನ ದೋಣಿಗೆ ಜೊಂಡು ಮೆತ್ತಿಕೊಂಡಿದೆ."

"ಮೊನ್ನೆ ಬಾತುಕೋಳಿ ಹೊಡೆಯೋಕೆ ಆ ಕಡೆ ಹೋಗಿದ್ದೆ."

"ಬಾತುಕೋಳಿ ಎಲ್ಲಿ?"

"ಹಾರಿ ಹೋಯ್ತು! ಅದಕ್ಕೂ ಸಾಕ್ಷಿ ಬೇಕಾ ನಿಂಗೆ?"

ಒಲೆಗೆ ಸೌದೆ ಇಡುತ್ತಿದ್ದ ಅತ್ತೆ ಹೇಝಲ್ ನಕ್ಕಳು. "ಬಿಡೇ ಮಾರಾಯ್ತಿ. ಡಬ್ಬಿ ಮಾಂಸ ತಿಂದೂ ತಿಂದೂ ನಿಮ್ಮ ಮಾವನ ಮುಖಾನೇ ಡಬ್ಬಿ ಆಗಿದೆ. ಮೀನು ಸಿಕ್ಕಿತಲ್ಲ, ಉಣ್ಣೋಣ."

ವರ್ನಾ ಚಾಕು ಒರೆಸುತ್ತ ಯೋಚಿಸಿದಳು. ಮಳೆಗೆ ಕಾಯುತ್ತ ಜಲಪಾತದ ಮಡುವಿನಲ್ಲಿ ನಿಜವಾದ ಮೀನುಗಳು ನಾಲ್ಕಾರು ಅಡಗಿರಬಹುದು. ಈ ಮುಳ್ಳು ಇಲ್ಲಿನ ನೀರಿಗೆ ಬಿದ್ದರೆ ಸಾಕು, ನಾಳೆ ಬೆಳಿಗ್ಗೆ ಬಲೆಗಳು ಮಡುವನ್ನು ಬಾಚುತ್ತವೆ. ಆ ಮೈಕಟ್ಟಿನ ಮೀನು ಬೇರೆ ಯಾವ ಹೊಳೆಯಲ್ಲೂ ಇಲ್ಲ. ಅವು ಹೋದರೆ ಹೋದಂತೆಯೇ.

ಊರೆಲ್ಲ ಸೇರಿತು. ಬೆಂಕಿಗೆ ಒಡ್ಡಿದ ಮೀನಿನಿಂದ ಕೊಬ್ಬು ತೊಟ್ಟಿಕ್ಕಲಿಲ್ಲ, ಬೆಂಕಿ ಒಮ್ಮೆಯೂ ಚಟಪಟ ಎನ್ನಲಿಲ್ಲ. ಮುದುಕರು ಒಣ ತುಂಡನ್ನು ಅಗಿಯುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಂದವರು ಮುಳ್ಳುಗಳನ್ನು ನಾರಿನ ಬುಟ್ಟಿಗೆ ಹಾಕಿದರು. ಕೊನೆಗೆ ತಲೆ ಬಂತು. ಅದನ್ನು ಬಿಡಿಸಲು ಕೈಗೆತ್ತಿಕೊಂಡ ವರ್ನಾ ಬೆಳಕಿಗೆ ಹಿಡಿದಳು.

ಮೂತಿ ಜಜ್ಜಿಹೋಗಿತ್ತು. ಚರ್ಮ ಸುಲಿದು, ಗಾಯದೊಳಗೆ ಕರಿಕಲ್ಲಿನ ಸಣ್ಣ ಪುಡಿ ಕೂತಿತ್ತು. ಜೊಂಡಿನ ಹೊಳೆಯಲ್ಲಿ ಮೂತಿ ಬಡಿದುಕೊಳ್ಳಲು ಒಂದು ಕಲ್ಲೂ ಇಲ್ಲ. ಈ ಮೀನು ಜಲಪಾತಕ್ಕೆ ಹಾರಿದೆ, ಬಿದ್ದಿದೆ, ಮತ್ತೆ ಹಾರಿದೆ.

"ಮಾವ ಸುಳ್ಳು ಹೇಳ್ಲಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ಅಲ್ಲೇ ಹಿಡಿದಿದ್ದಾನೆ. ಆದ್ರೆ ಇದು ಚಿಕ್ಕವಳ ಮಗಳು, ದಾರಿ ತಪ್ಪಿ ನಮ್ಮಲ್ಲಿಗೆ ಬಂದಿದೆ. ಮುಳ್ಳು ಅಲ್ಲಿಗೇ ಹೋಗ್ಬೇಕು."

"ಮತ್ತೆ ಬಲೆ?" ಸಿರಿಲ್ ಎದ್ದುನಿಂತ.

"ನಮ್ಮದು ಬಂದಾಗ."

"ಹಿಡಿದದ್ದು ಇಲ್ಲಿ, ತಿಂದದ್ದು ಇಲ್ಲಿ. ಸತ್ತ ಮೀನಿಗೆ ಎಂಥ ತವರು?"

"ಈ ಮಾತನ್ನ ನಿಮ್ಮಮ್ಮನ ಎದುರು ಆಡ್ತಿದ್ರಾ?" ಎಂದಳು ಹೇಝಲ್. ಈ ಸಲ ಅವಳು ನಗುತ್ತಿರಲಿಲ್ಲ. ಸಿರಿಲ್ ಬುಟ್ಟಿಯನ್ನು ತಾನೇ ಎತ್ತಿಕೊಂಡು ದೋಣಿಯ ಕಡೆ ನಡೆದ. ವರ್ನಾ ಅತ್ತೆಯ ಕೈಯಿಂದ ಬಟ್ಟೆ ಇಸಿದುಕೊಂಡು ಹಿಂದೆ ಬರುವಷ್ಟರಲ್ಲಿ ಅವನು ಎಂಜಿನ್ ಶುರುಮಾಡಿದ್ದ.

ಜೊಂಡಿನ ಹೊಳೆಯ ಬಾಯಲ್ಲಿ ಅವಳು ದೋಣಿಯೊಳಗೇ ಬಟ್ಟೆ ಹಾಸಿ, ಮುಳ್ಳುಗಳನ್ನು ಮೀನಿನ ಆಕಾರಕ್ಕೆ ಜೋಡಿಸಿದಳು. ತಲೆಯಿಂದ ಬಾಲದವರೆಗೆ ಎಲ್ಲ ಕೂಡಿಬಂತು. ದವಡೆಯ ಒಂದು ತುಂಡಿನ ಜಾಗ ಮಾತ್ರ ಖಾಲಿ ಉಳಿಯಿತು.

ಅವಳು ತಲೆ ಎತ್ತಿದಳು. ಸಿರಿಲ್ ಜೊಂಡನ್ನು ನೋಡುತ್ತಿದ್ದ.

"ನಾಯಿ ತಿಂದಿರ್ಬೇಕು," ಎಂದ.

"ನಾಯಿ ಕಟ್ಟಿತ್ತು."

"ಉಬ್ಬರದ ನೀರು ಇಳೀತಿದೆ ವರ್ನಾ. ದೋಣಿ ಕೆಸರಲ್ಲಿ ಕೂತ್ಬಿಡುತ್ತೆ."

"ಕೂರ್ಲಿ. ನಾನೂ ಕೂತಿದ್ದೀನಿ."

ನೀರು ಇಳಿಯಿತು. ದೋಣಿಯ ತಳ ಕೆಸರಿಗೆ ಮೆಲ್ಲಗೆ ಉಜ್ಜಿತು. ಸಿರಿಲ್ ಟೋಪಿ ತೆಗೆದ. ಒಳಗಿನ ಮಡಿಕೆಯಿಂದ ದವಡೆಯ ತುಂಡನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡ.

"ನಮ್ಮ ಹೊಳೆಗೆ ಹಾಕೋಣ ಅಂತಿದ್ದೆ," ಎಂದ. "ಹೇಗಿದ್ರೂ ಮೂತಿ ಒಡ್ಕೊಂಡು ನಮ್ಮ ಬಾಗಿಲು ತಟ್ಟಿತ್ತಲ್ಲ. ಅದರ ಒಂದು ಚೂರಾದ್ರೂ ಅಲ್ಲಿದ್ರೆ... ಇನ್ಯಾರು ಬರ್ತಾರೆ ನಮ್ಮಲ್ಲಿಗೆ?"

ಅವಳು ಕೈ ಚಾಚಲಿಲ್ಲ. ಬಟ್ಟೆಯ ಅಂಚುಗಳನ್ನು ಹಿಡಿದು ವಾಲಿಸಿದಳು. ಮುಳ್ಳುಗಳು ಸದ್ದಿಲ್ಲದೆ ಕಂದುನೀರಿಗೆ ಜಾರಿದವು. ಆಮೇಲೆ ದೋಣಿಯಂಚಿನಲ್ಲಿ ಸರಿದು ಮಾವನಿಗೆ ಜಾಗ ಬಿಟ್ಟಳು. ಅವನು ಅಂಗಿಯ ತೋಳನ್ನೂ ಮಡಚದೆ ಬಗ್ಗಿ, ಮೊಣಕೈವರೆಗೆ ಕೈ ಮುಳುಗಿಸಿ, ಬೆರಳು ಬಿಡಿಸಿದ. ಬಿಳಿಯ ಚೂರು ಒಮ್ಮೆ ಹೊರಳಿ, ಜೊಂಡಿನ ಬೇರುಗಳ ಕಡೆ ಇಳಿದುಹೋಯಿತು.