ಮೂಗಿಗೆ ಸಿಗದ ಗಾಳಿ

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಏಳಕ್ಕೆ ಐದು ನಿಮಿಷ ಬಾಕಿ ಇತ್ತು. ತೊಗಲು ಹದ ಮಾಡುವ ಕಾರ್ಖಾನೆಯ ಹಿಂದಿನ ಗೇಟು ದೂಡಿಕೊಂಡು ಒಳಗೆ ಬಂದ ಅಕ್ಕ ಎರಡು ಹೆಜ್ಜೆ ಇಟ್ಟವಳೇ ಗಕ್ಕನೆ ನಿಂತಳು. ಕೊಳೆತ ಮೊಟ್ಟೆಯ ನಾತ ಮುಖಕ್ಕೆ ರಪ್ಪನೆ ಹೊಡೆದಿತ್ತು.

ನಾತ ಅವಳಿಗೆ ಹೊಸದಲ್ಲ. ಇಪ್ಪತ್ತಾರು ವರ್ಷದಿಂದ ಅಲ್ಲಿ ತೊಗಲಿಗಂಟಿದ ಮಾಂಸ ಹೆರೆಯುತ್ತಿದ್ದವಳು. ಯಾವ ನಾತ ಯಾವ ತೊಟ್ಟಿಯದ್ದೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ಆದರೆ ಇದು ತೊಟ್ಟಿಗಳ ಕಡೆಯದಲ್ಲ, ಅಂಗಳದ ಮೂಲೆಯ ಗುಂಡಿಯ ಕಡೆಯದು. ಅಲ್ಲಿ ಐದಾರು ಗಂಡಸರು ನಿಂತಿದ್ದರು. ಕಬ್ಬಿಣದ ಮುಚ್ಚಳ ಸರಿಸಿ, ಏಣಿ ಇಳಿಸಿಯಾಗಿತ್ತು. ಏಣಿಯ ಪಕ್ಕದಲ್ಲಿ ಮಂಡಿಯೂರಿ, ಗುಂಡಿಯ ಬಾಯಿಗೆ ಮುಖವೊಡ್ಡಿ ಕುಳಿತಿದ್ದವನು ಅವಳ ಒಡಹುಟ್ಟಿದ ತಮ್ಮ.

ತಮ್ಮನನ್ನು ಅಲ್ಲಿ ಎಲ್ಲರೂ ‘ಮೂಗು’ ಎಂದೇ ಕರೆಯುತ್ತಿದ್ದರು. ತೊಗಲು ಹದಕ್ಕೆ ಬಂತೋ ಇಲ್ಲವೋ, ಸುಣ್ಣ ಹೆಚ್ಚಾಯಿತೋ ಕಡಿಮೆಯಾಯಿತೋ, ಎಲ್ಲವನ್ನೂ ಅವನು ಮೂಸಿಯೇ ಹೇಳಬೇಕು. ಮೇಸ್ತ್ರಿ ಕೂಡ ಅವನನ್ನು ಕೇಳದೆ ತೊಟ್ಟಿಯಿಂದ ತೊಗಲು ತೆಗೆಸುತ್ತಿರಲಿಲ್ಲ. ಅವನಿಗೆ ಮನೆಯೆಂದರೆ ಬಾಡಿಗೆಯ ಒಂದು ಕೋಣೆ, ಹೆಂಡತಿ ಮಕ್ಕಳು ಇಲ್ಲ. ಇದ್ದದ್ದು ಆ ಮೂಗಿನ ಹೆಸರೊಂದೇ.

ಗುಂಡಿಗೆ ಎರಡು ಮೋರಿಗಳು ಬಂದು ಸೇರುತ್ತಿದ್ದವು. ಒಂದು ಸುಣ್ಣದ ತೊಟ್ಟಿಯದು. ತೊಗಲಿನ ಕೂದಲು ಉದುರಿಸುವ ಕೆಂಪು ಹರಳನ್ನು ಅದರಲ್ಲೇ ಕರಗಿಸುತ್ತಿದ್ದರು. ಇನ್ನೊಂದು ಆಸಿಡ್ ತೊಟ್ಟಿಯದು. ವರ್ಷಕ್ಕೆ ಒಂದೆರಡು ಸಲ ಕೂದಲು, ಮಾಂಸದ ಚೂರು ಸೇರಿ ಗುಂಡಿ ಕಟ್ಟಿಕೊಳ್ಳುತ್ತಿತ್ತು. ಆಗ ಯಾರಾದರೂ ಇಳಿದು ಎಳೆದು ಹಾಕಬೇಕು. ಇಳಿಯುವ ಮೊದಲು ತಮ್ಮ ಮೂಸುತ್ತಿದ್ದ. ನಾತವಿದ್ದರೆ ಕಾಯುವುದು, ನಾತ ಹೋದ ಮೇಲೆ ಇಳಿಯುವುದು. ಮೂಸಿದವನೇ ಮೊದಲು ಇಳಿಯಬೇಕೆಂಬ ಕಟ್ಟುಪಾಡನ್ನು ಒಂದು ಸಾವಾದ ಮೇಲೆ ತಮ್ಮನೇ ಮಾಡಿದ್ದ. ಹನ್ನೊಂದು ವರ್ಷದ ಹಿಂದೆ ಅವನು ಮೂಸಿ "ವಾಸನೆ ಹೋಯ್ತು, ಇಳೀರಿ" ಎಂದ ಮೇಲೆ ಇಳಿದವನೊಬ್ಬ ಮತ್ತೆ ಮೇಲೆ ಬಂದಿರಲಿಲ್ಲ. ಎದೆ ನಿಂತುಹೋಯಿತು ಎಂದರು. ಹಾಗೆ ಹೋದವನು ಅಕ್ಕನ ಗಂಡ.

"ಏನೋ ಮೂಗು, ಆಯ್ತಾ?" ಮೇಸ್ತ್ರಿ ಕೇಳಿದ.

"ಒಂದು ಗಂಟೆ ಹಿಂದೆ ಗಬ್ಬು ಹೊಡೀತಿತ್ತು ಮೇಸ್ತ್ರಿ. ಈಗ ಏನೇನೂ ಇಲ್ಲ. ಇಳೀತೀನಿ." ತಮ್ಮ ಎದ್ದು ನಿಂತ. ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಸುತ್ತಿತ್ತು.

ಅಕ್ಕ ಅವನನ್ನೇ ನೋಡಿದಳು. ಏನೇನೂ ಇಲ್ಲವೇ? ಗೇಟಿನ ಹತ್ತಿರ ನಿಂತ ತನಗೆ ಇಷ್ಟು ನಾತ ಬರುತ್ತಿದೆ, ಗುಂಡಿಯ ಬಾಯಲ್ಲಿ ಕುಳಿತವನಿಗೆ ಇಲ್ಲವೇ?

ಅವಳಿಗೆ ಪುಸ್ತಕದ ಆ ಸಾಲು ನೆನಪಿಗೆ ಬಂತು. ನೆನಪಿಗೆ ಬಂತು ಎನ್ನುವುದೂ ಸರಿಯಲ್ಲ. ಎರಡು ತಿಂಗಳಿಂದ ಅದು ಅವಳನ್ನು ಬಿಟ್ಟೇ ಇರಲಿಲ್ಲ.

ಅಕ್ಕ ಶಾಲೆಗೆ ಹೋಗಿದ್ದು ಮೂರನೇ ತರಗತಿಯವರೆಗೆ. ಮಗಳು ಹತ್ತನೇ ತರಗತಿಯಲ್ಲಿ ರಸಾಯನಶಾಸ್ತ್ರದಲ್ಲಿ ಒಮ್ಮೆ ಫೇಲಾದಾಗ, "ಅಮ್ಮ, ನಾನು ಪಾಠ ಒಪ್ಪಿಸ್ತೀನಿ, ನೀನು ಪುಸ್ತಕ ಹಿಡ್ಕೊಂಡು ಸರಿ ಇದೆಯಾ ನೋಡು" ಎಂದು ಕೂರಿಸಿದ್ದಳು. ಸರಿ ಇದೆಯೇ ಎಂದು ನೋಡಬೇಕಾದರೆ ಓದಬೇಕಲ್ಲ! ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮಗಳು ಪಾಸಾದಳು, ತಾಯಿ ಓದು ಬಿಡಲಿಲ್ಲ. ದಿನಕ್ಕೆ ಒಂದೇ ಪುಟ. ಊಟದ ಹೊತ್ತಿನಲ್ಲಿ ಉಪ್ಪಿನ ಚೀಲಗಳ ಮೇಲೆ ಕುಳಿತು ಓದುವಳು. ಅರ್ಥವಾಗದಿದ್ದರೆ ಮರುದಿನವೂ ಅದೇ ಪುಟ. ಹೆಂಗಸರು ‘ಲೈಬ್ರರಿ ಅಕ್ಕ’ ಎಂದು ಹೆಸರಿಟ್ಟರು. "ಬಾಲ್ಯವಿವಾಹ ಅಂತ ಕೇಳಿದ್ವಿ, ಇದೇನಕ್ಕಾ ವೃದ್ಧವಿದ್ಯೆ?" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಪುಟ ಓದಿದ ದಿನ ಮಾತ್ರ ನಗು ಬರಲಿಲ್ಲ. ಸಲ್ಫೈಡಿಗೆ ಆಸಿಡ್ ಸೇರಿದರೆ ಒಂದು ಅನಿಲ ಹುಟ್ಟುತ್ತದಂತೆ. ಕೊಳೆತ ಮೊಟ್ಟೆಯ ವಾಸನೆ, ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹೆಚ್ಚಾದರೆ ಮೂಗಿಗೆ ಅದರ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. ಕೆಂಪು ಹರಳಿನ ಡ್ರಮ್ಮಿನ ಮೇಲೆ ಬರೆದದ್ದನ್ನು ಮರುದಿನ ಹೋಗಿ ಕೂಡಿಸಿ ಓದಿದಳು: ಸೋ-ಡಿ-ಯಂ ಸ-ಲ್ಫೈ-ಡ್.

ಪುಸ್ತಕ ಹೇಳುವುದು ನಿಜವಾದರೆ ಗಂಡನ ಎದೆ ತಾನಾಗಿ ನಿಂತದ್ದಲ್ಲ. ಅವತ್ತು ವಾಸನೆ ಹೋದದ್ದೂ ಅಲ್ಲ, ಸತ್ತದ್ದು ತಮ್ಮನ ಮೂಸುವ ಶಕ್ತಿ. ಇದನ್ನು ತಮ್ಮನಿಗೆ ಯಾವ ಬಾಯಿಂದ ಹೇಳುವುದು? "ನಿನ್ನ ಮಾತು ನಂಬಿ ಭಾವ ಹೋದ" ಎಂದ ಹಾಗಾಗುತ್ತದೆ. ಅವನು ತಡೆದುಕೊಳ್ಳಲಾರ. ಗುಂಡಿ ಕಟ್ಟಿಲ್ಲವಲ್ಲ, ಕಟ್ಟಿದಾಗ ನೋಡೋಣ ಎಂದು ನುಂಗಿಕೊಂಡಿದ್ದಳು.

ಈಗ ಕಟ್ಟಿತ್ತು.

"ನಿನ್ನೆ ಯಾವ ತೊಟ್ಟಿ ಬಿಟ್ರಿ?" ತೊಟ್ಟಿಗಳ ನೀರು ಬಿಡುವ ಪಂಪಿನವನನ್ನು ಅಕ್ಕ ಕೇಳಿದಳು.

"ಎರಡೂ ಒಟ್ಟಿಗೇ ಬಿಟ್ವಿ. ಹೊಸ ಲೋಡು ಬಂತಲ್ಲ, ಪುರುಸೊತ್ತೆಲ್ಲಿ?"

ತಮ್ಮನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು.

"ಇಳೀಬೇಡ!" ಅಕ್ಕ ಓಡಿ ಹೋಗಿ ಅವನ ಅಂಗಿಯ ಕಾಲರ್ ಹಿಡಿದಳು. "ಇಳೀಬೇಡ ಕಣೋ. ಒಳಗೆ ವಿಷ ಇದೆ."

"ಅಕ್ಕ, ಬಿಡೇ. ಎಲ್ಲರ ಮುಂದೆ ಏನಿದು? ವಾಸನೆ ಇಲ್ಲ ಅಂದ್ನಲ್ಲ."

"ಅದಕ್ಕೇ ಹೇಳ್ತಿರೋದು. ನಂಗೆ ಗೇಟಿನ ಹತ್ರಾನೇ ಬಂತು. ನಿಂಗೆ ಇಲ್ಲಿ ಯಾಕೆ ಬರ್ತಿಲ್ಲ?"

"ನಿಮ್ಮ ಮೂಗು ದೊಡ್ಡದು ಬಿಡಿ ಲೈಬ್ರರಿ ಅಕ್ಕ," ಎಂದ ಪಂಪಿನವನು. ಇಬ್ಬರು ನಕ್ಕರು.

ಮೇಸ್ತ್ರಿ ನಗಲಿಲ್ಲ. "ಏನಮ್ಮ, ಇಪ್ಪತ್ತು ವರ್ಷದಿಂದ ಮೂಸ್ತಿರೋನು ಇವನು. ನೀನು ನಾಲ್ಕು ಪುಟ ಓದಿ ಇವನಿಗೆ ಪಾಠ ಹೇಳ್ತೀಯಾ? ಮೋರಿ ನೀರು ಒಳಗೆ ನುಗ್ಗಿದ್ರೆ ಸಾವಿರ ತೊಗಲು ಹಾಳು. ಯಾರು ಜವಾಬ್ದಾರಿ?"

ಅಕ್ಕನಿಗೂ ಅನುಮಾನ ಬಂತು. ತಾನು ತಪ್ಪು ಓದಿದ್ದರೆ? ಅಕ್ಷರ ಕೂಡಿಸುವವಳು, ‘ಹೋಗುತ್ತದೆ’ ಎಂದು ಓದಿದ್ದು ‘ಹೋಗುವುದಿಲ್ಲ’ ಎಂದಿದ್ದರೆ? ಹಿಡಿದ ಕಾಲರ್ ಮಾತ್ರ ಬಿಡಲಿಲ್ಲ.

"ಹತ್ತು ನಿಮಿಷ ಕೊಡಿ ಮೇಸ್ತ್ರಿಗಳೇ. ಎಲ್ಲರೂ ಹಿಂದೆ ಸರೀರಿ, ಗಾಳಿ ಬೀಸೋ ಕಡೆ ಬನ್ನಿ. ಹತ್ತೇ ನಿಮಿಷ. ಒಳಗೆ ವಿಷ ಇದ್ರೆ ಬೆಳ್ಳಿ ಕಪ್ಪಾಗುತ್ತೆ."

ಕೈಯ ಬೆಳ್ಳಿ ಬಳೆ ಬಿಚ್ಚಿದಳು. ಹಿಂದಿನ ದಿನ ತಾನೇ ಉಜ್ಜಿ ತೊಳೆದದ್ದು, ಫಳಫಳ ಹೊಳೆಯುತ್ತಿತ್ತು. ಅದನ್ನು ತೊಗಲು ಕಟ್ಟುವ ಹುರಿಗೆ ಬಿಗಿದು, ಉಸಿರು ಹಿಡಿದು ಗುಂಡಿಯೊಳಗೆ ಇಳಿಬಿಟ್ಟಳು. ಹುರಿಯ ತುದಿಯನ್ನು ಏಣಿಗೆ ಕಟ್ಟಿ ಹಿಂದಕ್ಕೆ ಓಡಿ ಬಂದಳು.

"ಏನು, ಮೀನು ಹಿಡೀತೀರಾ?" ಎಂದ ಪಂಪಿನವನು. ಈ ಸಲ ಯಾರೂ ನಗಲಿಲ್ಲ.

ಎಲ್ಲರೂ ಗೋಡೆಗೆ ಒರಗಿ ನಿಂತರು. ಒಳಗೆ ಎಲ್ಲೋ ಡ್ರಮ್ಮು ತಿರುಗುವ ಸದ್ದು. ತಮ್ಮ ಹಣೆ ಒತ್ತಿಕೊಳ್ಳುತ್ತಿದ್ದ. ತಲೆ ಸಿಡಿಯುತ್ತಿದೆ, ಚಳಿಗಿರಬೇಕು ಎಂದ. ಅಕ್ಕ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಬಳೆ ಬೆಳ್ಳಗೇ ಬಂದರೆ ತಮ್ಮ ಇಳಿಯುತ್ತಾನೆ, ಆಮೇಲೆ ಅವನನ್ನು ತಡೆಯುವವರಿಲ್ಲ. ಕಪ್ಪಾಗಿ ಬಂದರೆ ಗಂಡ ಹೇಗೆ ಹೋದನೆಂಬುದು ಎಲ್ಲರೆದುರು ಬಯಲಾಗುತ್ತದೆ. ಯಾವುದು ಬರಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯದೆ ಅವಳು ಸೆರಗು ಕಚ್ಚಿ ನಿಂತಳು.

ಹತ್ತು ನಿಮಿಷವಾಯಿತು. ಮೇಸ್ತ್ರಿಯೇ ಉದ್ದನೆಯ ಕೊಕ್ಕೆ ಚಾಚಿ ಹುರಿ ಎಳೆದ. ಬಳೆ ನೆಲದ ಮೇಲೆ ಉರುಳಿ ಬಂತು.

ಅದು ಬಳೆಯ ಹಾಗಿರಲಿಲ್ಲ. ಸುಟ್ಟ ಕಡ್ಡಿಯ ಹಾಗೆ ಕರ್ರಗಾಗಿತ್ತು.

ಪಂಪಿನವನು ಎರಡು ಹೆಜ್ಜೆ ಹಿಂದೆ ಸರಿದ. ಮೇಸ್ತ್ರಿ ಕೊಕ್ಕೆಯನ್ನು ಕೆಳಗಿಟ್ಟ. "ಅಂಗಳ ಖಾಲಿ ಮಾಡ್ರೋ," ಎಂದಷ್ಟೇ ಹೇಳಿದ. ಎಲ್ಲರನ್ನೂ ಗೇಟಿನಾಚೆ ಕಳಿಸಿ, ಯಂತ್ರದಿಂದ ಹೀರುವ ಲಾರಿಗೆ ಫೋನ್ ಮಾಡಿದ.

ಗೇಟಿನಾಚೆ, ಬೀದಿಯ ಕಟ್ಟೆಯ ಮೇಲೆ, ತಮ್ಮ ಅಕ್ಕನ ಪಕ್ಕ ಕುಳಿತ.

"ಅವತ್ತೂ ಹೀಗೇ ಆಗಿತ್ತಕ್ಕ," ಎಂದ. "ಮೊದಲು ನಾತ ಇತ್ತು. ಆಮೇಲೆ ಹೋಯ್ತು. ನಾನೇ ಹೇಳಿದ್ದು, ಇಳೀರಿ ಭಾವ ಅಂತ."

"ನಿಂಗೆ ಗೊತ್ತಿರ್ಲಿಲ್ಲ ಕಣೋ. ಯಾರಿಗೂ ಗೊತ್ತಿರ್ಲಿಲ್ಲ."

"ನಿಂಗೆ ಯಾವಾಗಿಂದ ಗೊತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಎರಡು ತಿಂಗಳಿಂದ."

ಅವನು ಕೆಂಪು ಕಣ್ಣು ಎತ್ತಿ ಅವಳನ್ನು ನೋಡಿದ. "ನಂಗೆ ನೋವಾಗುತ್ತೆ ಅಂತ ಸುಮ್ನಿದ್ಯಾ? ಇವತ್ತು ನಿನ್ನ ಬಸ್ ಲೇಟಾಗಿದ್ರೆ?"

ಆ ಪ್ರಶ್ನೆ ಅವಳಿಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಬಂದಾಗ ಎದ್ದು ಕುಳಿತು ಬೆವರು ಒರೆಸಿಕೊಳ್ಳುತ್ತಾಳೆ.

ಮರುದಿನ, ಮಂಗಳವಾರ, ಲಾರಿ ಬಂದು ಗುಂಡಿ ಹೀರಿತು. ಎರಡು ತೊಟ್ಟಿಗಳನ್ನು ಒಂದೇ ದಿನ ಬಿಡಕೂಡದೆಂದು ಮೇಸ್ತ್ರಿ ಬೋರ್ಡು ಬರೆಸಿದ. ಊಟದ ಹೊತ್ತಿನಲ್ಲಿ ಉಪ್ಪಿನ ಚೀಲಗಳ ಹತ್ತಿರ ನಾಲ್ಕು ಹೆಂಗಸರು ಬಂದು ಕುಳಿತು, "ಜೋರಾಗಿ ಓದಕ್ಕ, ನಾವೂ ಕೇಳ್ತೀವಿ" ಎಂದರು. ತಮ್ಮ ಕೆಲಸಕ್ಕೆ ಬಂದ. ಆದರೆ ಬುಧವಾರ ಮೇಸ್ತ್ರಿ ತೊಟ್ಟಿಯ ಹತ್ತಿರ ಕರೆದು, "ಹದ ಆಯ್ತೇನೋ, ನೋಡು" ಎಂದಾಗ ಅವನು ಬಗ್ಗಲಿಲ್ಲ. ಮುಖ ತಿರುಗಿಸಿ, "ನಂಗೆ ಗೊತ್ತಾಗಲ್ಲ ಮೇಸ್ತ್ರಿ" ಎಂದುಬಿಟ್ಟ.

ಅಂದು ಸಂಜೆ ಅಕ್ಕ ಅವನ ಕೋಣೆಗೆ ಹೋದಳು. ಬಟ್ಟೆ ಮಡಿಸುತ್ತಿದ್ದ. "ಎಲ್ಲಿಗೋ?" ಎಂದಳು. "ನೋಡ್ಬೇಕು," ಎಂದ. "ನನ್ನ ಮೇಲೆ ಸಿಟ್ಟಾ?" ಎಂದಳು. "ಇಲ್ಲ ಕಣಕ್ಕ. ಆ ಗುಂಡಿ ಪಕ್ಕ ಹಾದು ಹೋಗೋಕಾಗ್ತಿಲ್ಲ." ಅಷ್ಟೇ.

ಗುರುವಾರ ಬೆಳಿಗ್ಗೆ, ಮೊದಲ ಬಸ್ಸಿಗೆ, ತಮ್ಮ ಹೊರಟುಹೋದ.