ಜರ್ಮನ್ ಕಾರಿಗೊಂದು ಹಿಡಿ ಹೊದ್ಲು

ಬಾಯಿ ಬಿಟ್ಟರೆ ಕಾರಿನ ಸುದ್ದಿ, ಅದು ದೂಜಣ್ಣನ ಜಾಯಮಾನ. ಮಲಾಡಿನ ಅವರ ಸೊಸೈಟಿಯ ಜನ ಲಿಫ್ಟಿನ ಬಾಗಿಲಲ್ಲಿ ಅವರನ್ನು ಕಂಡರೆ ಏನೋ ಮರೆತವರ ಹಾಗೆ ಹಿಂದೆ ಸರಿಯುತ್ತಿದ್ದರು. ಸಿಕ್ಕಿಬಿದ್ದವರಿಗೆ ಪಾರಾಗುವ ದಾರಿ ಇರಲಿಲ್ಲ. ಕಾರಿನ ಬಾಗಿಲು ಹಾಕಿದರೆ ಬರುವ 'ಧಪ್' ಸದ್ದಿನಿಂದ ಹಿಡಿದು ಮಳೆಗಾಲದ ಹೊಂಡಗಳಲ್ಲಿ ಅದು ಇಳಿದು ಏಳುವ ಗತ್ತಿನವರೆಗೆ ಎಲ್ಲವನ್ನೂ ಕೇಳಲೇಬೇಕಿತ್ತು.

ಜೋಗೇಶ್ವರಿಯ ಸಣ್ಣ ಅಡುಗೆಮನೆಯಿಂದ ಮದುವೆ-ಮುಂಜಿಗಳಿಗೆ ಊಟ ಒದಗಿಸುವುದು ದೂಜಣ್ಣನ ಕಸುಬು. ಹನ್ನೆರಡು ವರ್ಷದ ಹಿಂದೆ, ಪವಾಯಿಯ ಒಬ್ಬ ಎಂಜಿನಿಯರು ಬಳಸಿ ಬಿಟ್ಟ ಈ ಪುಟ್ಟ ಜರ್ಮನ್ ಕಾರನ್ನು ಕೊಂಡಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಹಳೇ ಜರ್ಮನ್ ಗಾಡಿ ಅಂದರೆ ಆನೆ ಸಾಕಿದ ಹಾಗೆ ಎಂದು ಹೆದರಿಸಿದ್ದರು. ಆ ನೆಂಟರು ಅಂದಿನಿಂದ ಇಂದಿಗೆ ಎರಡೆರಡು ಹೊಸ ಕಾರು ಬದಲಾಯಿಸಿದ್ದಾರೆ. ಇದು ಮಾತ್ರ ಹಿಂದಿನ ಸೀಟು ಮಡಚಿಕೊಂಡು, ಗಸಿ-ಸಾಂಬಾರಿನ ಪಾತ್ರೆ ಹೊತ್ತು, ಎಣ್ಣೆ ಬದಲಿಸಿದರೆ ಸಾಕು ಎಂಬಂತೆ ಓಡುತ್ತಲೇ ಇದೆ. ಸರಿಯಾಗಿ ಕಟ್ಟಿದ ವಸ್ತು ಎಂದರೆ ಏನೆಂದು ದೂಜಣ್ಣನಿಗೆ ಗೊತ್ತಾದದ್ದೇ ಇದರಿಂದ.

ಮಂಡಿನೋವಿನಿಂದ ಅವರು ಸ್ಟಿಯರಿಂಗ್ ಬಿಟ್ಟ ಮೇಲೆ ಕಾರು ಮಗಳು ಯಕ್ಷಿತಾಳ ಕೈಗೆ ಬಂತು. ಅವಳಿಗೆ ಗೇರು ಹಾಕುವ ತಾಪತ್ರಯವಿಲ್ಲದ, ದೊಡ್ಡ ಪರದೆಯ ಹೊಸ ಕಾರಿನ ಮೇಲೆ ಕಣ್ಣು. ದಿನಾ ಅಪ್ಪನ ತಲೆ ತಿಂದಳು.

"ಆಯ್ತು ಮಾರಾಯ್ತಿ," ಎಂದು ಒಂದು ದಿನ ದೂಜಣ್ಣ ಸೋತು ಅವಳ ತಲೆಯ ಮೇಲೆ ಕೈ ಇಟ್ಟರು. "ಇದು ನಮ್ಮನ್ನು ಒಂದೇ ಒಂದು ಸಲ ನಡುದಾರಿಯಲ್ಲಿ ಬಿಟ್ಟರೆ, ಅದೇ ದಿನ ಮಾರುವ. ನಿನ್ನ ತಲೆಯಾಣೆ."

"ಪಕ್ಕಾ ಪಪ್ಪಾ? ಆಮೇಲೆ ನಾಟಕ್ ಇಲ್ಲ ಹಾಂ."

"ನಾಟಕ ಎಂಥದ್ದು? ಮಾತು ಅಂದ್ರೆ ಮಾತು."

ಆಣೆಯನ್ನೇನೋ ಇಟ್ಟರು, ರಾತ್ರಿಯಿಡೀ ನಿದ್ದೆ ಬರಲಿಲ್ಲ. ಕಾರಿನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಹಣೆಬರಹದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರೂ ಕಾರಿನ ಮುಂದೆ ತೆಂಗಿನಕಾಯಿ ಒಡೆದು, ಚಕ್ರದಡಿ ಲಿಂಬೆಹಣ್ಣಿಟ್ಟು ಕೈಮುಗಿಯುತ್ತಾರೆ. ದೂಜಣ್ಣನಿಗೆ ಅಷ್ಟು ಸಾಲದು. ಅನ್ನ ಹಾಕುವ ಯಂತ್ರಕ್ಕೂ ಹಸಿವೆ ಇರುತ್ತದೆ ಎನ್ನುವುದು ಅವರ ವಾದ. ಪ್ರತಿ ವರ್ಷ ಬಾನೆಟ್ ಎತ್ತಿ, ಎಂಜಿನಿನ ಪಕ್ಕದ ಸಂದಿಯಲ್ಲಿ ಬಾಳೆಲೆಯ ಚೂರಿಟ್ಟು, ಅದರ ಮೇಲೆ ಒಂದು ಚಿಟಿಕೆ ಹೊದ್ಲು ಬಡಿಸುತ್ತಿದ್ದರು. ಭತ್ತ ಹುರಿದು ಅರಳಿಸಿದ, ಊರಿನಿಂದಲೇ ತರಿಸಿದ ಹೊದ್ಲು. ದೇವರಿಗೆ ಇಟ್ಟದ್ದನ್ನು ವಾಪಸು ತೆಗೆಯುವುದುಂಟೇ? ಹಾಗೇ ಬಾನೆಟ್ ಮುಚ್ಚುತ್ತಿದ್ದರು. ಈ ವರ್ಷ ಆಣೆಯ ಭಾರವೂ ಇತ್ತಲ್ಲ, ಚಿಟಿಕೆ ಹೋಗಿ ಹಿಡಿಯಾಯಿತು. ಅದಕ್ಕೆ ಅವಲಕ್ಕಿ ಸೇರಿಸಿ, ಬೆಲ್ಲ ಪುಡಿಮಾಡಿ, ತುಪ್ಪವನ್ನೂ ಸುರಿದರು.

"ನನ್ನ ಮರ್ಯಾದೆ ಕಾಪಾಡು," ಎಂದು ಎಂಜಿನಿಗೆ ಪಿಸುಗುಟ್ಟಿದರು.

ಮರುವಾರ ಪವಾಯಿಯಲ್ಲಿ ಒಂದು ಸೀಮಂತದ ಊಟ. ಪತ್ರೊಡೆ, ಗಸಿ, ಪಾಯಸ ತುಂಬಿದ ಕಾರು ಜೋಗೇಶ್ವರಿಯಿಂದ ಹೊರಟು ಲಿಂಕ್ ರೋಡಿನ ಏರು ಹತ್ತುವಾಗ ಇದ್ದಕ್ಕಿದ್ದಂತೆ ಗಡಗಡ ನಡುಗಿತು. ಸ್ಟಿಯರಿಂಗ್ ಹಿಂದಿನ ಹಳದಿ ಎಚ್ಚರಿಕೆ ದೀಪ ಮಿಣಮಿಣ ಎನ್ನತೊಡಗಿತು. ಯಕ್ಷಿತಾ ಎಷ್ಟು ಒತ್ತಿದರೂ ಎಳೆತವಿಲ್ಲ. ಹಿಂದಿನಿಂದ ರಿಕ್ಷಾಗಳು ಕಿರುಚಿಕೊಂಡವು. ಪಕ್ಕದ ಸೀಟಿನಲ್ಲಿದ್ದ ದೂಜಣ್ಣ ಮುಂದಕ್ಕೆ ಬಾಗಿದರು. ಇಷ್ಟು ವರ್ಷ ಇಲ್ಲದ್ದು, ಆಣೆ ಇಟ್ಟ ಮೇಲೇ ಬರಬೇಕೆ?

"ಸೈಡಿಗೆ ಹಾಕ್ಲಾ ಪಪ್ಪಾ?"

ಹಾಕು ಎಂದರೆ ಕಾರು ಹೋಯಿತು. ಬೇಡ ಎಂದರೆ, ಎಂಜಿನ್ ಸುಟ್ಟು ಸೀಮಂತದ ಊಟವೂ ಹೋಗಬಹುದು.

"ನೀನು ನಡೆಸುವವಳು," ಎಂದರು ದೂಜಣ್ಣ ಕೊನೆಗೆ. "ನಿನಗೆ ಹೇಗೆ ಕಾಣ್ತದೆ ಹಾಗೆ ಮಾಡು."

ಯಕ್ಷಿತಾ ಏಸಿ ಆರಿಸಿದಳು, ಗೇರು ಇಳಿಸಿದಳು. "ಇದು ಹೋಗ್ತದೆ ಪಪ್ಪಾ," ಎಂದಳು. "ನಂಗೆ ಕಾಲಲ್ಲಿ ಗೊತ್ತಾಗ್ತಿದೆ. ಟ್ರೈ ಮಾಡ್ತಾ ಇದೆ ಅದು."

ಹೌದು, ಅದು ಪ್ರಯತ್ನ ಪಡುತ್ತಿತ್ತು. ಜ್ವರ ಬಂದವರ ಹಾಗೆ ನಡುಗುತ್ತ, ಆದರೂ ಹೊತ್ತದ್ದನ್ನು ಚೆಲ್ಲದೆ, ಏರನ್ನು ಇಂಚಿಂಚಾಗಿ ಹತ್ತಿತು. ದೂಜಣ್ಣ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಕುಳಿತೇ ಇದ್ದರು. ಹಾಲ್‌ನ ಬಾಗಿಲಿಗೆ ಬಂದು, ಯಕ್ಷಿತಾ ಕೀ ತಿರುಗಿಸಿದ ಮೇಲೆಯೇ ಅದು ನಡುಗುವುದನ್ನು ನಿಲ್ಲಿಸಿದ್ದು. ಪಾಯಸ ಇನ್ನೂ ಬಿಸಿಯಾಗಿಯೇ ಇತ್ತು.

ಊಟ ಬಡಿಸಿ ಮುಗಿಯುವ ಹೊತ್ತಿಗೆ ಮೆಕ್ಯಾನಿಕ್ ಕಾಶಿನಾಥ ಸ್ಕೂಟರಿನಲ್ಲಿ ಬಂದ. ವಿಜಯಪುರದವನು, ಜೋಗೇಶ್ವರಿಯಲ್ಲಿ ಗ್ಯಾರೇಜು. ಮೊದಮೊದಲು ಜರ್ಮನ್ ಗಾಡಿ ಮುಟ್ಟಲು ಹೆದರುತ್ತಿದ್ದವನು ಈಗ ಈ ಕಾರು ಬಂದರೆ ಸಾಕು, ಬೇರೆ ಕೆಲಸ ಬದಿಗಿಡುತ್ತಾನೆ. ಬಾನೆಟ್ ಎತ್ತಿ ಒಳಗೆ ಕೈಹಾಕಿದವನು ಒಂದು ಮುದ್ದೆ ಹೊರಗೆಳೆದ. ಒಣಗಿದ ಬಾಳೆಲೆ, ಹರಿದ ಬಟ್ಟೆಯ ನೂಲು, ಅದರ ತುಂಬ ಹೊದ್ಲು.

"ಯಾರ್ರೀ ಇದರಾಗ ಇಲಿ ಸಾಕೀರಿ? ಬೆಲ್ಲಾ, ತುಪ್ಪಾ! ಮಗಳ ಮದಿವಿ ಮಾಡಿದಂಗ ಊಟ ಹಾಕೀರಲ್ಲ! ಉಂಡು, ಬಾಯಿ ತೀಟಿಗೆ ವಾಯರ್ ಕಡದೈತಿ."

ದೂಜಣ್ಣ ನೆಲ ನೋಡಿದರು.

"ನಾಕು ಪ್ಲಗ್‌ನ್ಯಾಗ ಒಂದಕ್ಕ ಕರೆಂಟ ಹೋಗೂದಿಲ್ಲ," ಎಂದು ಕಾಶಿನಾಥ ಮುಂದುವರಿಸಿದ. "ಒಂದ ಕಾಲ ಮುರದ ಮ್ಯಾಲೂ ಇಷ್ಟು ಭಾರಾ ಹೊತ್ಗೊಂಡು ಆ ಏರು ಹತ್ತೇತಿ ನೋಡ್ರಿ, ಗಟ್ಟಿ ಜೀವಾ. ಇದರ ತಪ್ಪು ಏನೂ ಇಲ್ಲ."

ತಪ್ಪು ಯಾರದೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮರ್ಯಾದೆ ಕಾಪಾಡು ಎಂದು ಬೇಡಿಕೊಂಡ ಕೈಯಿಂದಲೇ ಕಾರಿನ ಹೊಟ್ಟೆಗೆ ಇಲಿ ಕರೆದು ಬಿಟ್ಟಿದ್ದರು. ಅದಾದರೋ ಆ ಇಲಿಯನ್ನೂ ಹೊತ್ತುಕೊಂಡು ಬಂದು ಮರ್ಯಾದೆ ಕಾಪಾಡಿತ್ತು. ದೂಜಣ್ಣನಿಗೆ ಕಣ್ಣು ತುಂಬಿ ಬಂತು. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಆದರೂ ಮಾತು ಮಾತೇ. ಕಾಶಿನಾಥ ಹೊಸ ವಾಯರ್ ಜೋಡಿಸಿ ಹೋದ ಮೇಲೆ ಅವರು ಕೀಯನ್ನು ಮಗಳ ಮುಂದೆ ಹಿಡಿದರು.

"ನಡುದಾರಿಯಲ್ಲಿ ಕೈಕೊಟ್ಟಿತು ಅಂತ ನಿನಗೆ ಅನಿಸಿದರೆ ಹೇಳು ಮಗಾ. ಇವತ್ತೇ ಮಾರುವ. ನಿನ್ನ ತಲೆಯಾಣೆ ಇಟ್ಟದ್ದು ಸುಳ್ಳಾಗಬಾರದು."

ಯಕ್ಷಿತಾ ಕೀ ತೆಗೆದುಕೊಂಡಳು. ಬಾಗಿಲು ತೆರೆದು, ಬೇಕೆಂದೇ ಮತ್ತೆ ಹಾಕಿದಳು. ಧಪ್. ಆ ಸದ್ದನ್ನು ಇಷ್ಟು ವರ್ಷ ಅಪ್ಪನ ಬಾಯಲ್ಲಿ ಕೇಳಿ ಕೇಳಿ ಬೇಸತ್ತಿದ್ದವಳು ಈಗ ತಾನೇ ಕಿವಿಗೊಟ್ಟು ಕೇಳಿದಳು.

"ಮಾರಿ ಪಪ್ಪಾ," ಎಂದಳು. "ನಂಗೇ ಮಾರಿ."

ದೂಜಣ್ಣ ಬಾನೆಟ್ಟಿನ ಮೇಲೆ ಕೈ ಇಟ್ಟು ಕೇಳಿದರು. "ಬದಲಿಗೆ ಎಂಥ ಕೊಡ್ತಿ?"

"ವರ್ಷಕ್ಕೆ ಒಂದು ಹಿಡಿ ಹೊದ್ಲು. ಆದ್ರೆ ಅದನ್ನ ನೀವು ತಿನ್ನೋದು, ಗಾಡಿ ಅಲ್ಲ."