ಅಜ್ಜನ ಕೊರಳಿನ ವೀಣೆ

ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಶುಭಾಂಗಿಯ ಸಿಟ್ಟು ನೆತ್ತಿಗೇರಿತ್ತು. ಅಜ್ಜ ಜ್ಞಾನದೇವನ ಬಲಮಂಡಿ ಬಾತು ಕುಂಬಳಕಾಯಿಯಾಗಿತ್ತು. ಇನ್ನೊಮ್ಮೆ ಗುಡ್ಡ ಹತ್ತಿದರೆ ಆ ಕಾಲಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವಳು ನಿಪ್ಪಾಣಿಯ ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಭೋಜ ಗ್ರಾಮದಿಂದ ಗುಡ್ಡದ ವಿಠ್ಠಲನ ಗುಡಿಗೆ ಭಜನೆ ಮಾಡುತ್ತ ಕಾಲ್ನಡಿಗೆಯಲ್ಲಿ ಹೊರಟ ಪಾಯಿ ದಿಂಡಿಯ ಜೊತೆ ಕಾಲೆಳೆಯುತ್ತ ಬಂದಿದ್ದಳು. ಬುಡದಿಂದ ಮೇಲಕ್ಕೆ ಟೆಂಪೋದಲ್ಲಿ ಕೂರುತ್ತೇನೆಂದು ಅಜ್ಜ ಮನೆಮಂದಿಯ ಮುಂದೆ ಒಪ್ಪಿಕೊಂಡಿದ್ದ.

ಸಾಮಾನು ಹೇರಿಕೊಂಡು ಹಿಂದೆ ಬರುತ್ತಿದ್ದ ಟೆಂಪೋ ಬಂದು ನಿಂತಿತು. ಅಜ್ಜ ಹತ್ತಲಿಲ್ಲ.

ಕಾರಣ, ಪಟ್ಟಿ ಕಟ್ಟಿ ಅವನ ಕೊರಳಿಗೆ ತೂಗುಹಾಕಿದ್ದ, ತಂಬೂರಿಯಂಥ ವೀಣೆ. ದಿಂಡಿಯ ವೀಣೆ ಊರು ಬಿಟ್ಟ ಮೇಲೆ ನೆಲ ಮುಟ್ಟುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಒಬ್ಬರ ಕೊರಳಿಂದ ಇಳಿದರೆ ಇನ್ನೊಬ್ಬರ ಕೊರಳಿಗೇ ಹೋಗಬೇಕು, ಆ ಇನ್ನೊಬ್ಬರು ತುಳಸಿಮಾಲೆ ಧರಿಸಿದವರೇ ಆಗಬೇಕು. ಇಲ್ಲಿಂದ ಮುಂದೆ ಹೊರಬೇಕಾಗಿದ್ದ ಬಾಬಾಸಾಹೇಬ, ಅಡುಗೆ ನೋಡಿಕೊಳ್ಳುತ್ತೇನೆಂದು ಬೈಕ್ ಹತ್ತಿ ಮೇಲಿನ ಹಳ್ಳಿಗೆ ಹೋಗಿಬಿಟ್ಟಿದ್ದ. ಫೋನ್ ಮಾಡಿದರೆ ರೇಂಜ್ ಇಲ್ಲ. ಉಳಿದ ಮಾಲೆಯವರೆಲ್ಲ ಅಜ್ಜನಿಗಿಂತ ಮುದುಕರು. ಮೃದಂಗದವನ ಕೊರಳಲ್ಲಿ ಮಾಲೆಯೇನೋ ಇತ್ತು, ಮೃದಂಗವೂ ಇತ್ತು. ಶುಭಾಂಗಿ ಬಾಬಾಸಾಹೇಬನ ಏಳು ತಲೆಮಾರನ್ನು ಮನಸ್ಸಿನಲ್ಲೇ ಜಾಲಾಡಿಸಿದಳು.

ಮನೆಯಲ್ಲಿ ಅಜ್ಜನ ಕಾಲಿನ ಬಗ್ಗೆ ಮಾತು ತೆಗೆದುಕೊಂಡಿದ್ದರೇ ಹೊರತು ವೀಣೆಯ ಬಗ್ಗೆ ಯಾರೂ ತೆಗೆದುಕೊಂಡಿರಲಿಲ್ಲ. ಅವಳು ಬೇಡಿದಳು, ಬೈದಳು, ಡಾಕ್ಟರ ಹೆಸರು ಹೇಳಿ ಹೆದರಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಇಲ್ಲಿ ಕಿನ್ನರಿ ಕೋಣನ ಕೊರಳಲ್ಲೇ ಇತ್ತು, ಅಷ್ಟೇ ವ್ಯತ್ಯಾಸ. ಅಜ್ಜ ಅಭಂಗ ಹಾಡುತ್ತ ಹತ್ತತೊಡಗಿದ.

ಮೊದಲ ತಿರುವಿನಲ್ಲೇ ಮಂಡಿ ಕೈಕೊಟ್ಟಿತು. ಕಲ್ಲಿಗೆ ಬೆನ್ನು ಕೊಟ್ಟು ಜಾರುತ್ತ ಕುಸಿದವನು, ಎರಡೂ ಕೈಯಲ್ಲಿ ವೀಣೆಯನ್ನು ಎತ್ತಿ ಹಿಡಿದಿದ್ದ. ತನ್ನನ್ನು ಹಿಡಿದುಕೊಳ್ಳುವ ಯೋಚನೆಯೇ ಆ ಮುದುಕನಿಗೆ ಬರಲಿಲ್ಲವಲ್ಲ ಎಂದು ಶುಭಾಂಗಿಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

"ಕೊಡು ಇತ್ಲಾಗ," ಎಂದಳು.

"ಮಾಲಿ ಹಾಕ್ಕೊಂಡವ್ರಿಗೆ ಅಷ್ಟ ಕೊಡಬೇಕವ್ವಾ."

"ಮಾಲೀನೂ ಹಾಕು."

ಅಜ್ಜ ಅವಳ ಮುಖ ನೋಡಿದ. "ಆಮ್ಯಾಲ ಮಟನ್ ಇಲ್ಲ, ಮೀನಾ ಇಲ್ಲ. ಸಾಯೂತನಕ. ತಿಳೀತಿಲ್ಲೋ?"

ಭಾನುವಾರದ ತಾಂಬಡಾ ರಸ್ಸಾ, ಅದರಲ್ಲಿ ತೇಲುವ ಮಟನ್ನಿನ ತುಂಡು ಅವಳ ಕಣ್ಣ ಮುಂದೆ ಹಾದುಹೋಯಿತು. ಹಾಳಾಗಿ ಹೋಗಲಿ ಎಂದು ಕೊರಳು ಬಗ್ಗಿಸಿದಳು. ಅಜ್ಜ ಒಳಜೇಬಿನಿಂದ ಹೊಸ ಮಾಲೆ ತೆಗೆದ. ಯಾರಿಗೆಂದು ಕೊಂಡಿಟ್ಟಿದ್ದನೋ, ಕೇಳುವ ತಾಳ್ಮೆ ಅವಳಲ್ಲಿರಲಿಲ್ಲ. ವೀಣೆ ಅವಳ ಕೊರಳಿಗೆ ಬಂದ ಮೇಲೆ ಅಜ್ಜ ಹೇಳಿದ ಮಾತು ಕೇಳುವ ಕೂಸಿನ ಹಾಗೆ, ಹಿಂದೆಯೇ ಬಂದಿದ್ದ ಟೆಂಪೋ ಹತ್ತಿದ.

ಉಳಿದ ಘಾಟನ್ನು ಅವಳು ಹಲ್ಲು ಕಚ್ಚಿಕೊಂಡು ಹತ್ತಿದಳು. ಪಟ್ಟಿ ಹೆಗಲು ಕೊಯ್ಯುತ್ತಿತ್ತು, ಹಿಮ್ಮಡಿ ಒಡೆದಿತ್ತು, ಅಭಂಗದ ಸಾಲು ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಬಾಬಾಸಾಹೇಬ ಸಿಕ್ಕರೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಸಿಕ್ಕ. ಕೈಗೆ ಹತ್ತಿದ ಜುಣಕದ ಹಿಟ್ಟು ಒರೆಸಿಕೊಳ್ಳುತ್ತ ಓಡಿ ಬಂದವನೇ ಅವಳ ಪಾದ ಮುಟ್ಟಿದ. ವೀಣೆ ಹೊತ್ತು ಬಂದವರ ಕಾಲಿಗೆ ಬೀಳುವುದು ದಿಂಡಿಯವರ ಪದ್ಧತಿ. ಹಿಂದೆಯೇ ಹಳ್ಳಿಯ ಹೆಂಗಸರು ಬಂದರು, ಮುದುಕರು ಬಂದರು. ಕೊನೆಗೆ ಟೆಂಪೋದಿಂದ ಇಳಿದು, ಜನರನ್ನು ಸರಿಸಿಕೊಂಡು ಅಜ್ಜ ಬಂದ.

"ಬ್ಯಾಡ ಅಜ್ಜಾ," ಎಂದಳು, "ಮೊಣಕಾಲು."

ಅವನು ಕೇಳಲಿಲ್ಲ. ಬೆಳಗಿನಿಂದ ಅವಳು ಕಾಯುತ್ತ ಬಂದ ಅದೇ ಮಂಡಿಯನ್ನು ಊರಿ, ನೋವಿಗೆ ಮುಖ ಕಿವುಚಿ, ಮೊಮ್ಮಗಳ ಪಾದದ ಮೇಲೆ ಹಣೆ ಇಟ್ಟ. ಹಾಗೇ ಇದ್ದ. ಎತ್ತಲು ಬಗ್ಗಿದರೆ ವೀಣೆ ನೆಲಕ್ಕೆ ತಾಗುತ್ತಿತ್ತು. ಶುಭಾಂಗಿ ವೀಣೆಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು, ನೀರು ತುಂಬಿದ ಕಣ್ಣಲ್ಲಿ ಬಾಬಾಸಾಹೇಬನ ಕಡೆ ತಿರುಗಿದಳು.

"ಎಬ್ಬಸ್ರಿ ಅವನ್ನ," ಎಂದಳು. "ಅವಂಗ ಒಬ್ಬಂಗ ಏಳಾಕ ಆಗೂದಿಲ್ಲ."